ಜಲಯಂತ್ರಗಳ ಕಂಪನವೂ ಅದರ ನಿದಾನವೂ

ಬೆಂಗಳೂರಿನ ಪೂರ್ವಭಾಗದ ಮಹದೇವಪುರ ಸೀಮೆಯು ಬಹುಕಾಲ ಕೆರೆಬಾವಿಗಳನ್ನೂ ಅನಂತರ ಕೊಳವೆಬಾವಿಗಳನ್ನೂ ನಂಬಿ ಬಾಳಿದುದು. 2007ರಲ್ಲಿ ನಗರಕ್ಕೆ ಸೇರಿದ, ಈ ಸೀಮೆಯವೂ ಒಳಗೊಂಡ 110 ಗ್ರಾಮಗಳಿಗೆಂದು, ದಿನಕ್ಕೆ 77.5 ಕೋಟಿ ಲೀಟರು ನೀರು ತರುವ ಕಾವೇರಿ ಐದನೆಯ ಹಂತವು 2024ನೆಯ ಅಕ್ಟೋಬರ್ 16ರಂದು ಉದ್ಘಾಟಿತವಾಯಿತು. ನದಿಯು ತಗ್ಗಿನಲ್ಲಿದೆ, ನಗರವು ದಿಣ್ಣೆಯ ಮೇಲಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಎಡೆಗಳಲ್ಲಿ ಎತ್ತಿ, ನೂರು ಕಿಲೋಮೀಟರಿನಷ್ಟು ದೂರ, ಸುಮಾರು 500 ಮೀಟರು ಮೇಲಕ್ಕೆ ನೀರನ್ನು ಏರಿಸಬೇಕಾಗಿದೆ. ಒಂದೆಡೆಯ ಪಂಪುಗಳು ನಿಂತರೆ ಉಳಿದೆರಡು ಎಡೆಗಳ ಶ್ರಮವೂ ವ್ಯರ್ಥ. ಆದುದರಿಂದ ಯಂತ್ರವು ಕೆಡುವುದಕ್ಕೆ ಮುನ್ನವೇ ಅದರ ವ್ಯಾಧಿಯನ್ನರಿಯುವ ವಿದ್ಯೆಯು ಬೆಳೆದುಬಂದ ಬಗೆಯು ವಿಚಾರಾರ್ಹವಾಗಿದೆ.

ವೈದ್ಯಶಾಸ್ತ್ರವು ರೋಗವನ್ನರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಐದು ಸಾಧನಗಳನ್ನು ಹೇಳುತ್ತದೆ. ಯಂತ್ರದ ನಡುಕವು ರೂಪವೇ ಹೊರತು ರೋಗವಲ್ಲ. ಈ ವಿವೇಕವು ಪಾಶ್ಚಾತ್ಯ ಶಿಲ್ಪಿಗಳಿಗೂ ಒಮ್ಮೆಲೇ ಒದಗಲಿಲ್ಲ.

1896ರಲ್ಲಿ ಹೆಸರಘಟ್ಟದ ನೀರು ನಗರಕ್ಕೆ ಬಂದಾಗ ಅದನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಎತ್ತುತ್ತಿದ್ದುವು. ನಿಧಾನವಾಗಿ ನಡೆಯುವ ಅಂಥ ಯಂತ್ರಗಳ ಕ್ಷೇಮವನ್ನು ಕೈಯಿಟ್ಟು, ಕಿವಿಗೊಟ್ಟು ತಿಳಿಯಬಹುದು. ವೇಗವಾಗಿ ತಿರುಗುವ ಅಚ್ಚಿನ ವಿಷಯ ಹಾಗಲ್ಲ. 1869ರಲ್ಲಿ ರ‍್ಯಾಂಕಿನ್ ಎಂಬ ವಿದ್ವಾಂಸನು, ಒಂದು ವೇಗವನ್ನು ಮೀರಿ ಅಚ್ಚು ಸ್ಥಿರವಾಗಿ ತಿರುಗಲಾರದೆಂದು ಸಾಧಿಸಿದನು. ಸ್ವೀಡನ್ನಿನ ದೆ ಲಾವಾಲನು ಆ ವೇಗವನ್ನು ದಾಟಿಸಿಯೇ ತನ್ನ ಯಂತ್ರವನ್ನು ಓಡಿಸಿದನು. ಪ್ರಯೋಗವು ಶಾಸ್ತ್ರವನ್ನು ಹಿಂದೆ ಬಿಟ್ಟಿತೆನ್ನಬೇಕು. ಆ ವೇಗವನ್ನು ದಾಟಿದ ಮೇಲೆ ಅಚ್ಚಿನ ಭಾರವಾದ ಪಾರ್ಶ್ವವು ಒಳಮುಖವಾಗಿ ತಿರುಗಿ ನಡುಕವು ಶಮಿಸುತ್ತದೆಂದು 1919ರಲ್ಲಿ ಜೆಫ್‌ಕಾಟ್ ನಿರೂಪಿಸಿದ ಮೇಲೆಯೇ ವಿವಾದವು ತಿಳಿಯಾಯಿತು.

ಎಷ್ಟು ನಡುಕವು ಸಹ್ಯವೆಂಬುದನ್ನು 1939ರಲ್ಲಿ ರಾತ್‌ಬೋನ್ ಎಂಬಾತನು ಅಳತೆಗೆ ತಂದನು. ಆತನು ವಿಮಾಸಂಸ್ಥೆಯೊಂದರ ಇಂಜಿನಿಯರು. ಯಂತ್ರವೊಡೆದರೆ ಹಣ ತೆರಬೇಕಾದವರಿಗೇ ಈ ಚಿಂತೆಯು ಹೆಚ್ಚಾಗಿದ್ದುದು ಸಹಜ. 2009ರ ಅಂತರರಾಷ್ಟ್ರೀಯ ಪಂಪು ಮಾನಕವು ಕಂಪನವನ್ನು ನಾಲ್ಕು ವಲಯಗಳಾಗಿ ವಿಭಾಗಿಸಿತು. ಅದರಲ್ಲಿ ಗಮನಾರ್ಹವಾದುದು ಇನ್ನೊಂದುಂಟು: ಎರಡನೆಯ ವಲಯದ ಮೇಲ್ಮಿತಿಯ ನಾಲ್ಕನೆಯ ಒಂದು ಪಾಲಿನಷ್ಟು ವ್ಯತ್ಯಾಸವಾದರೆ, ಮೊತ್ತವು ಸಹ್ಯವಾಗಿದ್ದರೂ ಕಾರಣವನ್ನು ಅರಸಬೇಕು. ಇದೇ ಪೂರ್ವರೂಪ. ಹೊಸದರಲ್ಲಿ ಅಳೆದಿಡದವನಿಗೆ ಈ ಲಕ್ಷಣವು ಕಾಣದು.

ರೂಪಗಳೂ ಭಿನ್ನಭಿನ್ನ. ನಾಲ್ಕು ಧ್ರುವಗಳ ಮೋಟಾರು 50 ಆವರ್ತದ ವಿದ್ಯುತ್ತಿನಿಂದ ನಿಮಿಷಕ್ಕೆ 1500ಕ್ಕಿಂತ ತುಸು ಕಡಿಮೆ, ಅಂದರೆ ಸೆಕೆಂಡಿಗೆ ಸುಮಾರು 25 ಸಾರಿ ತಿರುಗುತ್ತದೆ. ನಡುಕವೂ ಅಷ್ಟೇ ಆವರ್ತದ್ದಾದರೆ ಚಕ್ರದ ಭಾರವು ಅಸಮವಾಗಿರುವ ಶಂಕೆ. ಅದರ ಇಮ್ಮಡಿಯಾಗಿ, ಅಚ್ಚಿನ ಉದ್ದಕ್ಕೂ ತೋರಿದರೆ ಮೋಟಾರೂ ಪಂಪೂ ಒಂದೇ ನೇರದಲ್ಲಿಲ್ಲವೆಂಬ ಶಂಕೆ. ಚಕ್ರಕ್ಕೆ ಐದು ರೆಕ್ಕೆಗಳಿದ್ದು ಐದುಮಡಿಯಾದರೆ ನೀರಿನ ಹರಿವಿನ ದೋಷ. ಜಲ್ಲಿಕಲ್ಲು ಹರಿದಂತೆ ಎಲ್ಲ ಆವರ್ತಗಳೂ ಕಲೆತ ಸದ್ದು, ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಸಿಡಿಯುವುದನ್ನು ಸೂಚಿಸುತ್ತದೆ. ಬೆರೆತ ಕಂಪನವನ್ನು ಹೀಗೆ ಬಿಡಿಸುವ ಗಣಿತವನ್ನು 1965ರಲ್ಲಿ ಕೂಲಿ, ಟೂಕಿ ಎಂಬಿಬ್ಬರು ಬಹಳ ಶೀಘ್ರವಾಗಿಸಿದರು.

ಆದರೂ ಸಂಶಯವು ಉಳಿದರೆ ಉಪಶಯವೇ ಗತಿ. ಹೊರಗಂಡಿಯ ಕವಾಟವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿದಾಗ ನಡುಕವೂ ಬದಲಾದರೆ ದೋಷವು ನೀರಿನಲ್ಲಿದೆ. ವಿದ್ಯುತ್ತನ್ನು ಕಡಿದ ಕ್ಷಣವೇ ನಿಂತರೆ ಮೋಟಾರಿನ ವಿದ್ಯುತ್‌ಭಾಗದಲ್ಲಿದೆ. ವೇಗದೊಡನೆ ಮೆಲ್ಲಮೆಲ್ಲನೆ ಇಳಿದರೆ ತಿರುಗುವ ಅಂಗಗಳಲ್ಲಿದೆ.