ಒದ್ದೆ ಬಟ್ಟೆಯಿಂದ ಸ್ಕ್ಯಾನರ್‌ವರೆಗೆ: ಹಳೆ ಕಾರಿನ ಬಂದು ಹೋಗುವ ಕಾಯಿಲೆ

ಸಾಸ್ವೆಹಳ್ಳಿಯಿಂದ ಹೊನ್ನಾಳಿಗೆ ಹೊರಟ ಹಳೆ ಪೆಟ್ರೋಲ್ ಕಾರು ಹತ್ತು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಳೆಯುವುದನ್ನೇ ಬಿಡುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಪಿಕಪ್ ಇಲ್ಲ. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಅರ್ಧ ಗಂಟೆ ಕಾದು ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಕಾಯಿಲೆಯೇ ಇಲ್ಲ!

ನಮ್ಮ ಹೋಬಳಿಯಲ್ಲಿ ಇಂಥ ಕಾರಿಟ್ಟುಕೊಂಡವರಿಗೆ ಈ ಕಥೆ ಗೊತ್ತೇ ಇದೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಪಂಪ್ ಹೊಸದು ಹಾಕಿಸಿದ್ದಾಯಿತು. ಅಡಿಕೆಯ ದುಡ್ಡು ಖಾಲಿಯಾಯಿತೇ ಹೊರತು ಕಾಯಿಲೆ ಹೋಗಲಿಲ್ಲ. ಕೊನೆಗೆ ಕಾರು ಗುಜರಿಗೆ. ಆದರೆ ಹಳ್ಳಿಯಲ್ಲಿ ಕಾರು ಶೋಕಿಗಷ್ಟೇ ಇರುವುದಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಶಿವಮೊಗ್ಗಕ್ಕೋ ದಾವಣಗೆರೆಗೋ ಓಡುವುದು ಅದೇ ಕಾರು. ಲಾರಿಯನ್ನು ಹಿಂದೆ ಹಾಕುವಾಗ ಪಿಕಪ್ ಬಿಟ್ಟರೆ ಜೀವಕ್ಕೇ ಅಪಾಯ.

ಈ ಕಾಯಿಲೆ ಕಂಡುಹಿಡಿಯುವುದು ಇಷ್ಟು ಕಷ್ಟವಾಗಿದ್ದು ಏಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಣ್ಣಿಗೆ ಕಾಣುತ್ತಿದ್ದ ಕಾಲ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800, ಇವೆಲ್ಲ ಕಾರ್ಬೊರೇಟರ್ ಗಾಡಿಗಳು. ಎಂಜಿನ್ ಗಾಳಿ ಎಳೆದುಕೊಂಡಾಗ ಆ ಗಾಳಿಯ ಜೊತೆಗೇ ಪೆಟ್ರೋಲ್ ಕೂಡ ಸಣ್ಣ ಜೆಟ್ ಮೂಲಕ ಬಂದು ಬೆರೆಯುತ್ತಿತ್ತು. ಜೆಟ್‌ನಲ್ಲಿ ಕಸ ಸಿಕ್ಕಿದ್ದರೆ ಬಿಚ್ಚಿ ಬಾಯಲ್ಲಿ ಊದುತ್ತಿದ್ದರು. ಪಾಯಿಂಟ್ ಸುಟ್ಟಿದ್ದರೆ ಉಜ್ಜುತ್ತಿದ್ದರು. ತಪ್ಪು ಎಲ್ಲಿದೆ ಎಂಬುದು ಹೆಚ್ಚಾಗಿ ಕಣ್ಣಿಗೇ ಕಾಣುತ್ತಿತ್ತು.

ಬಂದು ಹೋಗುವ ಕಾಯಿಲೆ ಆಗಲೂ ಇತ್ತು. ಬೇಸಿಗೆಯಲ್ಲಿ ಎಂಜಿನ್ ಪಕ್ಕದ ಪಂಪ್ ಬಿಸಿಯಾಗಿ, ಅದರೊಳಗೆ ಪೆಟ್ರೋಲ್ ಆವಿಯಾಗಿ, ಗಾಡಿ ನಿಂತುಬಿಡುತ್ತಿತ್ತು. ಆಗ ಡ್ರೈವರ್‌ಗಳು ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕುತ್ತಿದ್ದರು. ತಣ್ಣಗಾದ ಮೇಲೆ ಗಾಡಿ ಹೊರಡುತ್ತಿತ್ತು. ಆ ಬಟ್ಟೆ ಮದ್ದೂ ಹೌದು, ಪರೀಕ್ಷೆಯೂ ಹೌದು. ತಣ್ಣಗಾದ ಕೂಡಲೇ ಸರಿಹೋಯಿತೆಂದರೆ ಕಾಯಿಲೆ ಬಿಸಿಯದ್ದು ಎಂದು ಅಲ್ಲೇ ತೀರ್ಮಾನ ಆಗುತ್ತಿತ್ತು.

ಇಂಜೆಕ್ಷನ್ ನಮಗೆ ಹೊಸದೇನಲ್ಲ

ಇಂಧನವನ್ನು ಒತ್ತಡದಲ್ಲಿ ಸಿಂಪಡಿಸುವ ವಿದ್ಯೆ ಹಳ್ಳಿಗೆ ಬಂದದ್ದು ಕಾರಿನಿಂದಲ್ಲ, ಡೀಸೆಲ್ ಎಂಜಿನ್‌ನಿಂದ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಶುರುವಾಯಿತು. ಅದರ ಪ್ಲಗ್, ನಾಝಲ್, ಪಂಪ್‌ಗಳ ಹೆಸರು ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ಜೊತೆ ಊರೂರಿಗೆ ಬಂತು. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೆ ಸ್ಕ್ರೂ ಸಡಿಲಿಸಿ ಏರ್ ತೆಗೆಯುವುದು ರೈತರಿಗೂ ಗೊತ್ತಿತ್ತು. ಇಂಧನದ ದಾರಿಯಲ್ಲಿ ಒತ್ತಡ ಸರಿಯಾಗಿರಬೇಕು ಎಂಬ ಮೂಲ ಪಾಠ ನಮ್ಮ ಕಡೆ ಆಗಲೇ ಆಗಿತ್ತು.

ಪೆಟ್ರೋಲ್ ಕಾರಿಗೆ ಬಂದದ್ದರಲ್ಲಿ ಹೊಸದು ಎಲೆಕ್ಟ್ರಾನಿಕ್ಸ್. ಅದೇ ಬಾಷ್ 1967ರಲ್ಲಿ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ ತಯಾರಿಸಿ ಫೋಕ್ಸ್‌ವ್ಯಾಗನ್ ಕಾರಿಗೆ ಕೊಟ್ಟಿತು. ಭಾರತದ ಸಾಮಾನ್ಯ ಕಾರಿಗೆ ಅದು ತಲುಪಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಹಾಗೆ ತಂದದ್ದು ಹೊಗೆಯ ಕಾನೂನು.

ಕೋರ್ಟ್ ತಂದ ಬದಲಾವಣೆ

ದೆಹಲಿಯ ಗಾಳಿ ಕೆಟ್ಟುಹೋಗಿದ್ದ ಕಾಲ. 1999ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಿನಲ್ಲಿ ಹೊಸ ಕಾರುಗಳಿಗೆ ಯೂರೋ ಮಾನದಂಡ ಜಾರಿ ಮಾಡುವಂತೆ ಆದೇಶ ಕೊಟ್ಟಿತು. 2000ನೇ ಇಸವಿಯಲ್ಲಿ ದೇಶಕ್ಕೆಲ್ಲ ಮೊದಲ ಹಂತದ ನಿಯಮ ಬಂತು. ಸೀಸ ಬೆರೆಸಿದ ಪೆಟ್ರೋಲ್ ಕೂಡ ಅದೇ ವರ್ಷ ನಿಂತಿತು.

ಹೊಗೆ ಶುದ್ಧ ಮಾಡಲು ಸೈಲೆನ್ಸರ್ ದಾರಿಯಲ್ಲಿ ಕೂರಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಒಂದು ಹಠ ಇದೆ. 1 ಕೆ.ಜಿ. ಪೆಟ್ರೋಲ್‌ಗೆ ಸುಮಾರು 14.7 ಕೆ.ಜಿ. ಗಾಳಿ ಎಂಬ ಅಳತೆ ಆಚೀಚೆ ಆಗಬಾರದು. ಬಿಸಿಲು, ಏರು, ಚಳಿ ಎಲ್ಲದರಲ್ಲೂ ಈ ಲೆಕ್ಕ ಹಿಡಿಯಲು ಕಾರ್ಬೊರೇಟರ್‌ಗೆ ಆಗಲಿಲ್ಲ. 1998ರಲ್ಲಿ ಬಂದ ಸ್ಯಾಂಟ್ರೋ, ಮಾಟಿಜ್ ಕಾರುಗಳು ಎಂಪಿಎಫ್ಐ ಎಂಬ ಹೆಸರಿನ ಇಂಜೆಕ್ಷನ್ ಹೊತ್ತೇ ಬಂದಿದ್ದವು. 2000ದ ಹೊತ್ತಿಗೆ ಮಾರುತಿ 800ಕ್ಕೂ ಅದು ಬಂತು.

ನಮ್ಮ ಭಾಗದಲ್ಲಿ ಇದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಇತ್ತ ಬಂದವು. ಹಾಗಾಗಿ ನಮ್ಮೂರ ಹಳೆ ಕಾರುಗಳ ನಂಬರ್ ಪ್ಲೇಟಿನಲ್ಲಿ ಕೆಎ-14, ಆಮೇಲಿನವುಗಳಲ್ಲಿ ಕೆಎ-17. ಹೆಚ್ಚುಕಡಿಮೆ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂದ ಗಡಿಯೂ ಅದೇ.

ನಡುವೆ ಸಿಕ್ಕಿಬಿದ್ದ ಕಾರುಗಳು

ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಒಳಗೇ ಕರೆಂಟಿನ ಪಂಪ್ ಇರುತ್ತದೆ. ಅದು ಸುಮಾರು 3 ಬಾರ್ ಒತ್ತಡ ಕೊಡುತ್ತದೆ. ಎಂಜಿನ್ ಎಷ್ಟು ತಿರುಗಿದೆ, ಗಾಳಿ ಎಷ್ಟು ಬಂತು, ಬಿಸಿ ಎಷ್ಟಿದೆ ಎಂದು ಸೆನ್ಸರ್‌ಗಳು ಹೇಳುತ್ತವೆ. ಇಸಿಎಂ ಎಂಬ ಪೆಟ್ಟಿಗೆ ಲೆಕ್ಕ ಹಾಕಿ ಇಂಜೆಕ್ಟರ್‌ಗಳನ್ನು ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು ತೆರೆಯುತ್ತದೆ. ಇದರಲ್ಲಿ ಯಾವುದೂ ಕಣ್ಣಿಗೆ ಕಾಣುವುದಿಲ್ಲ.

ಕಾಣದ್ದನ್ನು ಓದಲು ಸ್ಕ್ಯಾನರ್ ಬೇಕು. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರಿಗೂ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಕೋಡ್ ಕಡ್ಡಾಯ. ನಮ್ಮಲ್ಲಿ ಈ ವ್ಯವಸ್ಥೆ ಕಡ್ಡಾಯವಾಗತೊಡಗಿದ್ದು ಬಿಎಸ್-4 ಜೊತೆಗೆ. ಅದು 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಂತು, ದೇಶಕ್ಕೆಲ್ಲ ಬಂದದ್ದು 2017ರಲ್ಲಿ.

ಅಂದರೆ 2000ದಿಂದ 2010ರ ನಡುವಿನ ಅನೇಕ ಕಾರುಗಳು ಅತ್ತ ಕಾರ್ಬೊರೇಟರೂ ಅಲ್ಲ, ಇತ್ತ ಈಗಿನ ಸ್ಕ್ಯಾನರ್‌ಗೆ ಪೂರ್ತಿ ಬಾಯಿ ಬಿಡುವುದೂ ಇಲ್ಲ. ಕಂಪನಿಯದೇ ಬೇರೆ ಯಂತ್ರ ಬೇಕು, ಇಲ್ಲವೇ ಚೆಕ್ ಲೈಟ್ ಎಷ್ಟು ಸಲ ಮಿಣುಕಿತೆಂದು ಎಣಿಸಬೇಕು. ಇವತ್ತು ನಮ್ಮ ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಓಡುತ್ತಿರುವವುಗಳಲ್ಲಿ ಇಂಥವು ಬಹಳ.

ಸ್ಕ್ಯಾನರ್ ಸಿಕ್ಕರೂ ಅದು ಹೇಳುವುದು ಯಾವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟಿತು ಎಂದಷ್ಟೇ. ವೈರ್ ಹರಿದಿದ್ದರೂ ಅದೇ ಕೋಡ್, ಸೆನ್ಸರ್ ಸತ್ತಿದ್ದರೂ ಅದೇ ಕೋಡ್. ಪೆಟ್ರೋಲ್ ಒತ್ತಡ ಕಡಿಮೆಯಾದರೆ ಎಷ್ಟೋ ಹಳೆ ಕಾರುಗಳಲ್ಲಿ ಕೋಡೇ ಬರುವುದಿಲ್ಲ, ಏಕೆಂದರೆ ಅದನ್ನು ಅಳೆಯುವ ಸೆನ್ಸರ್ ಅವುಗಳಲ್ಲಿಲ್ಲ.

ಮತ್ತೆ ಒದ್ದೆ ಬಟ್ಟೆಯ ಬುದ್ಧಿ

ಇಲ್ಲಿಯೇ ಹಳೆ ಡ್ರೈವರ್‌ಗಳ ರೀತಿ ಕೆಲಸಕ್ಕೆ ಬರುವುದು. ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ‘ಯಾವಾಗ ಆಗುತ್ತದೆ?’ ಎಂಬುದು. ಯಾವ ಪಾರ್ಟ್ ಎಂಬುದು ಆಮೇಲೆ.

ಬಿಸಿಯಾದ ಮೇಲೆ ಮಾತ್ರ ನಿಂತು, ತಣ್ಣಗಾದರೆ ಸ್ಟಾರ್ಟ್ ಆಗುತ್ತದೆಯೇ? ಕ್ರ್ಯಾಂಕ್ ಸೆನ್ಸರ್ ಅಥವಾ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ಒಳಗಿನ ಕೂದಲಿನಂಥ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಇವುಗಳ ಮೇಲೆ ನೀರು ಸುರಿಯಬೇಡಿ.

ಏರಿನಲ್ಲಿ, ನಾಲ್ಕೈದು ಜನ ಕೂತಾಗ, ಜೋರಾಗಿ ತುಳಿದಾಗ ಮಾತ್ರ ಎಳೆಯುವುದಿಲ್ಲವೇ? ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ ಇರಬಹುದು. ಫಿಲ್ಟರ್ ಕಟ್ಟಿದೆಯೋ, ಪಂಪ್ ಸೋತಿದೆಯೋ ನೋಡಬೇಕು. ಒತ್ತಡದ ಮೀಟರ್ ಹಾಕಿ ಅಳೆಸಿ. ನಿಂತಾಗ ಸರಿಯಿದ್ದು ಓಡುವಾಗ ಬಿದ್ದರೆ ಉತ್ತರ ಸಿಕ್ಕಿತು. ಕನ್ವರ್ಟರ್ ಕಟ್ಟಿಕೊಂಡರೂ ಗಾಡಿ ಹೀಗೇ ಉಸಿರುಗಟ್ಟುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗಲೇ ಹೀಗಾಗುತ್ತದೆಯೇ? ಆ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲ್‌ನಿಂದಲೇ. ನೂರು, ಇನ್ನೂರು ರೂಪಾಯಿಯದನ್ನೇ ಹಾಕಿಸಿಕೊಂಡು ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸೋಲುತ್ತದೆ. ಟ್ಯಾಂಕ್ ಮುಚ್ಚಳ ತೆರೆದಾಗ ಜೋರಾಗಿ ಗಾಳಿ ಒಳಗೆಳೆದ ಸದ್ದು ಬಂದು, ಆಮೇಲೆ ಗಾಡಿ ಸರಿಯಾದರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಕಟ್ಟಿರಬಹುದು.

ತಿಂಗಳುಗಟ್ಟಲೆ ನಿಲ್ಲಿಸಿದ್ದ ಕಾರೇ? ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಶೇ 20ರಷ್ಟು ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರೊಂದಿಗೆ ಕೂಡಿ ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದೂ ತಳದಿಂದಲೇ.

ಗುಂಡಿಗೆ ಇಳಿದಾಗ, ಮಳೆ ಬಂದಾಗ ಹೀಗಾಗುತ್ತದೆಯೇ? ಕನೆಕ್ಟರ್, ಅರ್ತ್ ವೈರ್, ರಿಲೇ ನೋಡಿಸಿ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಕನೆಕ್ಟರ್ ಮೆಲ್ಲಗೆ ಅಲ್ಲಾಡಿಸಿದರೆ ಎಷ್ಟೋ ಸಲ ಕಳ್ಳ ಸಿಕ್ಕಿಬೀಳುತ್ತಾನೆ. ಭತ್ತ, ಮೆಕ್ಕೆಜೋಳದ ಚೀಲಗಳ ಪಕ್ಕ ಕಾರು ನಿಲ್ಲಿಸುವವರು ಇಲಿ ವೈರ್ ಕಡಿದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಬಿಡಬೇಕಾದ ಹಳೆ ಅಭ್ಯಾಸಗಳು

ಹಳೆಯದೆಲ್ಲ ಒಳ್ಳೆಯದೇನಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಚಾರ್ಜಿಂಗ್ ನೋಡುವುದು ಡೈನಮೋ ಕಾಲದ ಅಭ್ಯಾಸ. ಈಗ ಹಾಗೆ ಮಾಡಿದರೆ ಕರೆಂಟ್ ಒಮ್ಮೆಲೇ ಏರಿ ಇಸಿಎಂ ಸುಡಬಹುದು. ಗಾಡಿ ನಿಲ್ಲಿಸಿ ಬ್ಯಾಟರಿ ಕಿತ್ತರೂ ಎಷ್ಟೋ ಕಾರುಗಳಲ್ಲಿ ಒಳಗೆ ಬರೆದಿಟ್ಟ ಕೋಡ್ ಅಳಿಸಿಹೋಗುತ್ತದೆ, ಸಾಕ್ಷಿಯೇ ಇಲ್ಲದಂತಾಗುತ್ತದೆ. ಪ್ಲಗ್ ವೈರ್ ಕೈಯಲ್ಲಿ ಹಿಡಿದು ಕಿಡಿ ನೋಡುವುದೂ ಬೇಡ. ಒತ್ತಡದಲ್ಲಿರುವ ಪೆಟ್ರೋಲ್ ಪೈಪನ್ನು ಬಿಸಿ ಎಂಜಿನ್ ಮೇಲೆ ಬಿಚ್ಚಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಕಾರ್ಬೊರೇಟರ್ ಕಾಲದಲ್ಲಿ ಡ್ರೈವರ್ ಮತ್ತು ಮೆಕ್ಯಾನಿಕ್ ಒಟ್ಟಿಗೆ ಬಾನೆಟ್ ಒಳಗೆ ಬಗ್ಗಿ ನೋಡುತ್ತಿದ್ದರು. ಇಂಜೆಕ್ಷನ್ ಬಂದ ಮೇಲೆ ನಾವು ಚಾವಿ ಕೊಟ್ಟು ‘ಏನೋ ಆಗಿದೆ, ನೋಡಿ’ ಎಂದು ಬಂದುಬಿಡುತ್ತೇವೆ. ಆದರೆ ಕಾಯಿಲೆ ಬಂದಾಗ ಕಾರಿನಲ್ಲಿದ್ದವರು ನಾವೇ. ಹಾಗಾಗಿ ಗ್ಲೋವ್ ಬಾಕ್ಸ್‌ನಲ್ಲಿ ಒಂದು ಚೀಟಿ ಇಡಿ. ಪ್ರತಿ ಸಲ ಎಷ್ಟು ಕಿಲೋಮೀಟರ್ ಓಡಿದ ಮೇಲೆ ಆಯಿತು, ಪೆಟ್ರೋಲ್ ಎಷ್ಟಿತ್ತು, ಬಿಸಿಲೋ ಮಳೆಯೋ, ಏರೋ ಸಮವೋ, ಚೆಕ್ ಲೈಟ್ ಬಂತೋ ಇಲ್ಲವೋ ಬರೆದಿಡಿ. ನಿಂತಾಗ ಚಾವಿಯನ್ನು ಆನ್ ಮಾಡಿ, ಹಿಂದಿನ ಸೀಟಿನ ಕೆಳಗೆ ಪಂಪ್ ಎರಡು ಸೆಕೆಂಡ್ ಗುಯ್ ಎನ್ನುತ್ತದೆಯೇ ಎಂದು ಕಿವಿಗೊಟ್ಟು ಕೇಳಿ, ಅದನ್ನೂ ಬರೆಯಿರಿ. ನಾಲ್ಕು ಸಲ ಬರೆದ ಚೀಟಿ ತೋರಿಸಿದ ಮೇಲೆಯೇ ಹೊಸ ಪಾರ್ಟ್‌ನ ಮಾತು ಆಗಲಿ.