ಗೆಕೊ ಪೆಟ್ಟಿಗೆಗೆ ಬಿಸಿ: ಹೀಟರ್‌ಗಿಂತ ಮೊದಲು ಥರ್ಮೋಸ್ಟಾಟ್

ದೆಹಲಿಯಲ್ಲಿ ಡಿಸೆಂಬರ್ ಚಳಿ ಹಿಡಿಯುತ್ತಿದ್ದಂತೆ ಲೆಪರ್ಡ್ ಗೆಕೊ ಸಾಕಿದವರಿಗೆ ಚಿಂತೆ ಶುರುವಾಗುತ್ತದೆ: ಹಲ್ಲಿ ಊಟ ಬಿಟ್ಟಿದೆ, ಮೂಲೆಯಿಂದ ಕದಲುತ್ತಿಲ್ಲ. ಗೆಕೊಗೆ ನಮ್ಮಂತೆ ಮೈಯೊಳಗಿಂದ ಬಿಸಿ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಹೊರಗಿನ ಬಿಸಿ ಸಿಕ್ಕರಷ್ಟೇ ತಿಂದ ಹುಳು ಜೀರ್ಣವಾಗುತ್ತದೆ. ಆದರೆ ಗಾಬರಿಯಲ್ಲಿ ಹೀಟ್ ಮ್ಯಾಟ್ ತರಿಸಿ ನೇರವಾಗಿ ಪ್ಲಗ್ಗಿಗೆ ಹಾಕಿದರೆ ಚಳಿಯ ತೊಂದರೆ ಹೋಗಿ ಸುಟ್ಟಗಾಯದ ತೊಂದರೆ ಬರಬಹುದು.

ಲೆಪರ್ಡ್ ಗೆಕೊಗೆ ಪೆಟ್ಟಿಗೆಯ ಒಂದು ತುದಿಯ ನೆಲ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24ರಿಂದ 26 ಡಿಗ್ರಿ ಇರಬೇಕು. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳುತ್ತದೆ. ಹಾಗಾಗಿ ಮ್ಯಾಟ್ ನೆಲದ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ರಾತ್ರಿ 20–21ಕ್ಕೆ ಇಳಿದರೂ ಆರೋಗ್ಯವಾಗಿರುವ ದೊಡ್ಡ ಗೆಕೊಗೆ ತೊಂದರೆಯಿಲ್ಲ. ಕ್ರೆಸ್ಟೆಡ್ ಗೆಕೊ ವಿಷಯ ಬೇರೆ: ಅದಕ್ಕೆ 22ರಿಂದ 26 ಡಿಗ್ರಿ ಸಾಕು, 28 ದಾಟಿದರೆ ಕಷ್ಟ. ಮುಂಬೈ, ಚೆನ್ನೈಯಲ್ಲಿ ಅದಕ್ಕೆ ಬೇಕಾಗುವುದು ಹೀಟರ್ ಅಲ್ಲ, ಏಪ್ರಿಲ್–ಮೇ ತಿಂಗಳಲ್ಲಿ ಎ.ಸಿ.

ಬೆಲೆ ಉಳಿಸಲು ಜನ ಮೊದಲು ಕೈಬಿಡುವುದು ಥರ್ಮೋಸ್ಟಾಟ್. ಉಳಿತಾಯ ಮಾಡಬಾರದ ವಸ್ತು ಅದೊಂದೇ. ಅಗ್ಗದ ಮ್ಯಾಟ್‌ಗಳಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದಿಲ್ಲ, ಮೇಲ್ಮೈ 40 ಡಿಗ್ರಿ ದಾಟಿಬಿಡಬಹುದು. ಮೇಲೆ ಮಲಗಿದ ಗೆಕೊ ಎಷ್ಟೋ ಸಲ ಹೊಟ್ಟೆ ಸುಡುವವರೆಗೂ ಏಳುವುದಿಲ್ಲ. ಮ್ಯಾಟ್‌ಗೆ ಸಾಧಾರಣ ಆನ್–ಆಫ್ ಥರ್ಮೋಸ್ಟಾಟ್ ನಡೆಯುತ್ತದೆ. ಬೆಳಕಿನ ಬಲ್ಬ್‌ಗೆ ಡಿಮ್ಮರ್ ಇರುವ ಮಾದರಿ ಬೇಕು.

ಅದರ ತುದಿಯಲ್ಲಿರುವ ಪ್ರೋಬ್ ಎಲ್ಲಿದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಮ್ಯಾಟ್ ಮತ್ತು ಟ್ಯಾಂಕಿನ ತಳದ ನಡುವೆ ಅದನ್ನು ಗಟ್ಟಿಯಾಗಿ ಕೂರಿಸಿ. ಜಾರಿ ಹೊರಬಿದ್ದರೆ ಅದು ಅಳೆಯುವುದು ಕೋಣೆಯ ತಣ್ಣನೆ ಗಾಳಿಯನ್ನು, ಮ್ಯಾಟ್ ನಿಲ್ಲದೆ ಕಾಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ನೋಡಿ. ಗೆಕೊ ಕೂರುವ ಜಾಗದ ಬಿಸಿಯನ್ನು ಬೇರೆಯೇ ಒಂದು ಥರ್ಮಾಮೀಟರ್‌ನಿಂದ ಅಳೆದು, ಅದಕ್ಕೆ ಹೊಂದುವಂತೆ ಥರ್ಮೋಸ್ಟಾಟ್ ಇಡಿ. ಹೊಸ ವ್ಯವಸ್ಥೆಯನ್ನು ಒಂದು ಇಡೀ ದಿನ ಖಾಲಿ ಪೆಟ್ಟಿಗೆಯಲ್ಲಿ ಓಡಿಸಿದ ಮೇಲಷ್ಟೇ ಪ್ರಾಣಿಯನ್ನು ಬಿಡಿ. ಟ್ಯಾಂಕಿನ ಕೆಳಗೆ ಗಾಳಿಯಾಡಲು ಸ್ವಲ್ಪ ಜಾಗ ಬಿಡದಿದ್ದರೆ ಗಾಜು ಬಿರಿಯಬಹುದು.

ದೆಹಲಿಯ ಚಳಿಗೆ ಮ್ಯಾಟ್ ಒಂದೇ ಸಾಲದೆ ಹೋದರೆ ಸೆರಾಮಿಕ್ ಹೀಟರ್ ನೋಡಿ. ಇದು ಬೆಳಕು ಕೊಡದೆ ಬಿಸಿ ಮಾತ್ರ ಕೊಡುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿ ಹೋಲ್ಡರ್ ಬೇಕು. ಸುತ್ತ ತಂತಿ ಬಲೆ ಬೇಕು, ಪರದೆ ದೂರವಿರಬೇಕು. ಇದಕ್ಕೂ ಥರ್ಮೋಸ್ಟಾಟ್ ಬೇಕೇ ಬೇಕು. ರಾತ್ರಿಗೆಂದು ಮಾರುವ ಕೆಂಪು ಬಲ್ಬ್ ಬೇಡ, ಗೆಕೊಗೆ ಕತ್ತಲಲ್ಲೂ ಬಣ್ಣ ಕಾಣುತ್ತದೆ. ಒಳಗೆ ವೈರ್ ಇರುವ ಬಿಸಿ ಕಲ್ಲು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಅದನ್ನು ಅಲ್ಲಿಯೇ ಬಿಡಿ.

ಹೀಟರ್‌ನ ವೈರನ್ನು ಟಿ.ವಿ., ಇಸ್ತ್ರಿಪೆಟ್ಟಿಗೆ ಹಂಚಿಕೊಂಡ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ವೈರ್ ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಲಿ, ಆಗ ಪೆಟ್ಟಿಗೆಯಿಂದ ಜಾರಿದ ನೀರು ಪ್ಲಗ್ ತಲುಪುವುದಿಲ್ಲ. ಕರೆಂಟ್ ಹೋದರೆ ಟ್ಯಾಂಕಿಗೆ ಕಂಬಳಿ ಸುತ್ತಿ, ಗಾಳಿಗೆ ಜಾಗ ಬಿಡಿ. ಕರೆಂಟ್ ಬಂದ ಕೂಡಲೇ ಕಂಬಳಿ ತೆಗೆಯಿರಿ. ಪುಣೆ, ಹೈದರಾಬಾದಿನ ಚಳಿಗೆ ಕೆಲವು ಗಂಟೆ ಹೀಗೆ ತಡೆಯುತ್ತದೆ. ಸಣ್ಣ ಮ್ಯಾಟ್ ಹತ್ತಿಪ್ಪತ್ತು ವಾಟ್ ಮಾತ್ರ ಎಳೆಯುವುದರಿಂದ ಇನ್ವರ್ಟರ್‌ಗೂ ಭಾರವಲ್ಲ. ಕಲ್ಲಿದ್ದಲಿನ ಅಂಗೀಠಿ ಮಾತ್ರ ಕೋಣೆಯೊಳಗೆ ಬೇಡವೇ ಬೇಡ. ಅದರ ಕಾರ್ಬನ್ ಮಾನಾಕ್ಸೈಡ್ ಗೆಕೊ ಜೊತೆ ನಿಮ್ಮನ್ನೂ ಕೊಲ್ಲಬಲ್ಲದು.

ಗೆಕೊ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪ್ರೋಬ್ ಸರಿಮಾಡಿದರೂ ಸೋಪಿನಲ್ಲಿ ಕೈ ತೊಳೆಯಿರಿ, ಪೆಟ್ಟಿಗೆಯ ಬಟ್ಟಲನ್ನು ಅಡುಗೆಮನೆ ಸಿಂಕಿಗೆ ತರಬೇಡಿ. 5 ವರ್ಷದೊಳಗಿನ ಮಕ್ಕಳಿಗೆ ಮುಟ್ಟಲು ಕೊಡಬೇಡಿ.

ಹೊಟ್ಟೆಯ ಚರ್ಮ ಕೆಂಪಾಗಿದ್ದರೆ, ಗುಳ್ಳೆ ಎದ್ದಿದ್ದರೆ ಹೀಟರ್ ಆರಿಸಿ, ಗೆಕೊವನ್ನು ಒದ್ದೆ ಟಿಶ್ಯೂ ಹಾಸಿದ ಡಬ್ಬಿಗೆ ಹಾಕಿ, ಸರೀಸೃಪ ನೋಡುವ ಪಶುವೈದ್ಯರಲ್ಲಿಗೆ ಅಂದೇ ಒಯ್ಯಿರಿ. ಬರ್ನಾಲ್, ಟೂತ್‌ಪೇಸ್ಟ್ ಹಚ್ಚಬೇಡಿ.