ನಮ್ಮ ಸುತ್ತಿನ ಕಲ್ಲುಕಥೆ, ಭಾಗ 7: ಹೊಸ ಜೋಡಿ ಬಾಗಿಲಲ್ಲೇ ಯಾಕೆ ನಿಲ್ಲುತ್ತೆ?

ಫ್ರೆಂಡ್ಸ್, ಲೈಕ್ ಒತ್ತಿ ಮುಂದೆ ಹೋಗ್ಬೇಡಿ, ಒಂದ್ನಿಮಿಷ ನಿಲ್ಲಿ.

ಮೊದಲನೇ ಫೋಟೋ ನಮ್ಮಕ್ಕ-ಭಾವಂದು. ಮದುವೆಯಾದ ವಾರಕ್ಕೆ ಮೇಲೂರಿಂದ ನಂದಿಗೆ ಹೋಗಿದ್ವಿ. ಬೆಟ್ಟದ ಮೇಲೆ ಮಂಜು ನೋಡ್ಕೊಂಡು, ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಬಂದ್ವಿ. ಅಲ್ಲಿ ಎಲ್ಲಾ ಜೋಡಿಗಳೂ ಬಾಗಿಲ ಹತ್ರವೇ ಪೋಸ್ ಕೊಡ್ತಿದ್ರು. ಯಾಕಿರಬಹುದು?

ಬಾಗಿಲು ಅಂದ್ರೆ ಬರೀ ದಾರಿ ಅಲ್ಲ. ಹೊರಗೆ ಸಂಸಾರ, ಒಳಗೆ ದೇವರು, ನಡುವೆ ಹೊಸ್ತಿಲು. ಮದುಮಗಳು ಸೇರು ಒದ್ದು ಮನೆಯೊಳಗೆ ಬರೋದೂ ಹೊಸ್ತಿಲ ಮೇಲೇ ಅಲ್ವಾ? 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಗುಡಿಯ ಬಾಗಿಲನ್ನ ಮಂಗಳಕರ ಹಕ್ಕಿ, ಸ್ವಸ್ತಿಕ, ಕಳಶ, ಬಳ್ಳಿಗಳ ಜೊತೆ ‘ಮಿಥುನ’ಗಳಿಂದ, ಅಂದ್ರೆ ಗಂಡು-ಹೆಣ್ಣಿನ ಜೋಡಿಗಳಿಂದ ಅಲಂಕರಿಸಬೇಕು ಅಂತಾನೆ. ಜೋಡಿ ಅಂದ್ರೆ ಶುಭ. ನಾವು ಫೋಟೋಗೆ ನಿಲ್ಲೋ ಜಾಗದಲ್ಲಿ ಶಿಲ್ಪಿಗಳು ಎಷ್ಟೋ ಶತಮಾನದ ಹಿಂದೇನೇ ಜೋಡಿಗಳನ್ನ ನಿಲ್ಲಿಸಿದ್ರು!

ನಂದಿಯಲ್ಲಿ ಇನ್ನೊಂದು ವಿಶೇಷ. 9ನೇ ಶತಮಾನದ ಆರಂಭದಲ್ಲಿ ಶುರುವಾದ ಈ ಗುಡಿಯನ್ನ ಮುಂದೆ ಚೋಳರು, ಹೊಯ್ಸಳರು, ವಿಜಯನಗರದವರು ಬೆಳೆಸಿದ್ರು. ಸ್ಥಳದ ನಂಬಿಕೆ ಪ್ರಕಾರ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ. ಅದಕ್ಕೇ ವಿರಾಗಿಗೆ ಮೇಲೆ ಉತ್ಸವ ಇಲ್ಲ. ಕೆಳಗೆ ಎರಡು ಗುಡಿಗಳ ನಡುವೆ ಉಮಾಮಹೇಶ್ವರ, ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಅದರ ನಾಲ್ಕು ಕಂಬದಲ್ಲಿ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾ. ಹೊಸ ಜೋಡಿಗಳು ಆಶೀರ್ವಾದ ಬೇಡೋದು ಇಲ್ಲೇ.

ಈಗ ಸ್ವೈಪ್ ಮಾಡಿ. ಎರಡನೇ ಫೋಟೋ, ವಾಪಸ್ ಬರ್ತಾ ಹೊಕ್ಕ ಇನ್ನೊಂದು ಹಳೇ ಗುಡಿದು. ಅಕ್ಕನ ಹಿಂದೆ ಬಾಗಿಲ ಕಲ್ಲಲ್ಲಿ ಯಾರೋ ಮೊಳೆಯಿಂದ ಹೃದಯ ಕೊರೆದು ಎರಡು ಹೆಸರು ಗೀಚಿದ್ದಾರೆ. ‘ಅದನ್ನ ಕ್ರಾಪ್ ಮಾಡೋ’ ಅಂದ್ಲು ಅಕ್ಕ. ನಾನು ಮಾಡ್ಲಿಲ್ಲ. ಫೋಟೋದಿಂದ ಹೋಗುತ್ತೆ, ಕಲ್ಲಿಂದ ಹೋಗಲ್ವಲ್ಲ.

ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳನ್ನ ಹಾಳುಮಾಡಿದ್ರೆ 1958ರ ಕಾಯ್ದೆ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆದ್ರೆ ದಂಡದ ಭಯಕ್ಕಲ್ಲ, ಆ ಬಾಗಿಲಲ್ಲಿ ಜೋಡಿ ಕೆತ್ತಿದ ಶಿಲ್ಪಿ ತನ್ನ ಹೆಸರನ್ನೂ ಬರ್ಕೊಂಡಿಲ್ಲ ಅನ್ನೋದು ನೆನಪಿರಲಿ.

ನಿಲ್ಲಿ, ನಗಿ, ಫೋಟೋ ತೆಗೆಸ್ಕೊಳ್ಳಿ. ಮೊಳೆ ಮಾತ್ರ ಮನೇಲಿ ಬಿಟ್ಟು ಬನ್ನಿ.

ನಿಮ್ಮೂರ ಗುಡಿ ಬಾಗಿಲಲ್ಲಿ ಯಾವ ಜೋಡಿ ಇದೆ? ನೋಡ್ಕೊಂಡು ಬಂದು ಕಾಮೆಂಟಲ್ಲಿ ಹೇಳಿ. ಭಾಗ 8ರಲ್ಲಿ ಕಲ್ಯಾಣಿ ಕಥೆ.